ತೆರಿಗೆಯವರಿಗೆ ಛತ್ರಿ ಹಿಡಿದ ಕಾಕಾ

ತೆರಿಗೆ ಕಚೇರಿಯ ಮನುಷ್ಯ ಗದಗಿನ ಬಸ್ಸಿನಿಂದ ಇಳಿದನೆಂದರೆ ರೋಣದ ವ್ಯಾಪಾರಿಗಳೆಲ್ಲ ಹಿಂಬಾಗಿಲಿನಿಂದ ಪರಾರಿ! ಐವತ್ತರ ದಶಕದ ಆ ದಿನಗಳಲ್ಲಿ, ಅವನನ್ನು ಎದುರುಗೊಳ್ಳಲು ಛತ್ರಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದ ಮಹಾನುಭಾವರು ಇಡೀ ಊರಿನಲ್ಲಿ ಒಬ್ಬರೇ. ಅವರು ನಮ್ಮ ಕಾಕಾ. ಅಷ್ಟು ಪ್ರಾಮಾಣಿಕರೇ ಎಂದು ಕೈ ಮುಗಿಯಬೇಡಿ, ತಡೆಯಿರಿ. ಅವರು ತೆರಿಗೆಯನ್ನು ಕಟ್ಟುತ್ತಲೇ ಇರಲಿಲ್ಲ!

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಪೇಟೆಯಲ್ಲಿ ಕಡಲೆ, ಜೋಳದ ಅಡತಿ, ಅಂದರೆ ದಲಾಲಿ ಅಂಗಡಿ. ಅದರ ಮೇಲೆಯೇ ಎರಡು ಖೋಲಿಯ ಮನೆ. ಅವರ ಹೆಂಡತಿ ಕಾಕು ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಸುಗ್ಗಿಯಲ್ಲಿ ಸವಡಿ, ಮೆಣಸಗಿ ಕಡೆಯ ಚಕ್ಕಡಿಗಳು ಬಂದು ನಿಂತರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸುಗ್ಗಿ ಮುಗಿದರೆ ತಕ್ಕಡಿ ಮತ್ತು ಕಾಕಾ, ಇಬ್ಬರೇ. ದುಡಿದದ್ದನ್ನೆಲ್ಲ ಗದಗಿನ ಬ್ಯಾಂಕಿನಲ್ಲಿ ಇಡುತ್ತಿದ್ದರು. ಆ ಬ್ಯಾಂಕಿನ ಕಾರಕೂನ ನಾನೇ ಆದ್ದರಿಂದ ಅವರಿಗೆ ದುಡ್ಡಿನ ಕೊರತೆ ಇರಲಿಲ್ಲವೆಂದು ಆಣೆ ಮಾಡಿ ಹೇಳಬಲ್ಲೆ.

ನೋಟೀಸು ತರುತ್ತಿದ್ದವನು ದಾವಲಸಾಬನೆಂಬ ಪಟ್ಟೇವಾಲಾ, ಅಂದರೆ ಕಚೇರಿಯ ಜವಾನ. ಬುಧವಾರ ಬೆಳಗಿನ ಬಸ್ಸಿಗೆ ಬಂದರೆ ಸಂಜೆಯವರೆಗೂ ಅವನಿಗೆ ವಾಪಸು ಬಸ್ಸಿಲ್ಲ. ಊರೆಲ್ಲ ಬಾಗಿಲು ಹಾಕಿಕೊಂಡರೆ ಪಾಪ, ಅವನು ಎಲ್ಲಿ ಕೂಡಬೇಕು? ಕಾಕಾನ ಮನೆಯಲ್ಲಿ! ಅಂದು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆನೆಮೊಸರು. ಊಟದ ಮೇಲೆ ಪಗಡೆ. ಉಳಿದ ದಿನಗಳಲ್ಲಿ ಈ ಮಹಾರಾಯರು ತಂಗಳ ರೊಟ್ಟಿಗೆ ಖಾರ ಹಚ್ಚಿಕೊಂಡು ನಿಂತೇ ಊಟ ಮುಗಿಸುತ್ತಿದ್ದರು.

ಆಟವೆಲ್ಲ ಮುಗಿದು ಬಸ್ಸಿನ ಹೊತ್ತಾದ ಮೇಲೆ ನೋಟೀಸು ಹೊರಬರುತ್ತಿತ್ತು. ಕಾಕಾ ಚಷ್ಮಾ ಏರಿಸಿ ಓದಿ, ತಲೆಯಾಡಿಸಿ ಅದನ್ನು ಮರಳಿ ಕೊಡುತ್ತಿದ್ದರು.

"ಇದರಾಗ ನಮ್ಮ ಅಪ್ಪನ ಹೆಸರಿಲ್ಲಲ್ಲಪಾ. ನನ್ನ ಹೆಸರಿನಾಂವ ನರಗುಂದದಾಗೂ ಒಬ್ಬ ಇರಬಹುದು. ನಾ ಹ್ಯಾಂಗ ಸಹಿ ಮಾಡ್ಲಿ?"

"ಖರೇ ಐತ್ರಿ ಸಾವಕಾರ್ರ. ತಿದ್ದಿಸ್ಕೊಂಡ ಬರತೇನ್ರಿ."

ಮುಂದಿನ ಸಲ ತಂದೆಯ ಹೆಸರಿದ್ದರೆ ಓಣಿಯ ಹೆಸರು ತಪ್ಪು. ಓಣಿ ಸರಿಯಾದರೆ ಸಾಹೇಬರ ಶಿಕ್ಕೆಯ ಮುದ್ರೆ ಮಸುಕು! ಹೀಗೆ ಒಂದೇ ನೋಟೀಸು ಸುಗ್ಗಿಯಿಂದ ಸುಗ್ಗಿಯವರೆಗೆ ಬಸ್ಸಿನಲ್ಲಿ ಓಡಾಡಿತು.

ಬ್ಯಾಂಕಿಗೆ ಬಂದಾಗ ಕಾಕಾ ಇದನ್ನೆಲ್ಲ ಹೇಳುವುದನ್ನು ಕೇಳಿ ನನಗೋ ತಲೆ ಕೆಟ್ಟುಹೋಯಿತು. "ಕಾಕಾ, ರೊಕ್ಕ ಐತಿ. ಒಮ್ಮೆ ಕಟ್ಟಿ ಬಿಡಬಾರದೇನ್ರಿ?" ಎಂದೆ.

"ಕಟ್ಟಿದ್ರ ಮುಗದ ಹೋತಲ್ಲೋ ತಮ್ಮಾ!"

ಎಂಥ ಮೊಂಡ ಮನುಷ್ಯ ಎಂದುಕೊಂಡೆ. ನಾನು ಆಗ ಬಹಳ ಬುದ್ಧಿವಂತ!

ಆಮೇಲೆ ತೆರಿಗೆ ಕಚೇರಿಗೆ ಹೊಸ ಸಾಹೇಬರು ಬಂದರು. ಅವರಿಗೆ ತಂದೆಯ ಹೆಸರೂ ಬೇಡ, ಓಣಿಯೂ ಬೇಡ. ನೇರವಾಗಿ ನಮ್ಮ ಬ್ಯಾಂಕಿಗೆ ಒಂದು ಕಾಗದ ಬರೆದರು: ಇಂಥವರಿಂದ ಇಷ್ಟು ಬಾಕಿ, ಅವರ ಖಾತೆಯಿಂದ ತೆಗೆದು ನಮಗೆ ಕಳಿಸತಕ್ಕದ್ದು. ಕಾಯದೆಯಲ್ಲಿ ಹಾಗೆ ಅವಕಾಶವಿದೆಯೆಂದು ಮ್ಯಾನೇಜರರು ಹೇಳಿದರು. ಕಾಕಾನ ಖಾತೆಯಿಂದ ಹಣ ಕಳೆದು ಬರೆದ ಕೈ ಯಾರದು? ಇದೇ ಕೈ! ವರ್ಷವಿಡೀ ನಡೆದ ವ್ಯವಹಾರ ಮುಗಿಯಲು ಒಂದು ಗಳಿಗೆಯೂ ಹಿಡಿಯಲಿಲ್ಲ.

ಕಾಕಾ ನನ್ನನ್ನು ಹರಿದು ತಿನ್ನುತ್ತಾರೆಂದು ಹೆದರಿ ಮೂರು ವಾರ ತಳ್ಳಿದೆ. ಕೊನೆಗೆ ಒಂದು ಬುಧವಾರ ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದೆ. ರೋಣದಲ್ಲಿ ಇಳಿದರೆ ಎದುರಿಗೇ ಕಾಕಾ, ಕೈಯಲ್ಲಿ ಛತ್ರಿ! ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಬಸ್ಸು ಖಾಲಿಯಾಯಿತು.

"ಕಾಕಾ, ನಿಮ್ಮ ಬಾಕಿ ರೊಕ್ಕ ಬ್ಯಾಂಕಿನಿಂದ ತೊಗೊಂಡಾರ್ರಿ."

ಎಷ್ಟು ಎಂದು ಕೇಳಲಿಲ್ಲ. "ದಾವಲಸಾಬ ಬಂದಿದ್ನೇನು ಬ್ಯಾಂಕಿಗೆ?" ಎಂದರು.

"ಯಾರೂ ಬಂದಿಲ್ರಿ. ಟಪಾಲಿನಾಗ ಕಾಗದ ಬಂತು."

"ಹಂಗಾರ ಆಂವ ಇನ್ನ ಬರೂದಿಲ್ಲ?"

ಮನೆಗೆ ಹೋದರೆ ಎರಡು ತಾಟು ಇಟ್ಟಿದ್ದವು. ಎಣ್ಣೆಗಾಯಿ ಇತ್ತು. ಪಗಡೆಯ ಹಾಸು ಹಾಸಿತ್ತು. ಎರಡನೆಯ ತಾಟಿಗೆ ನಾನು ಕುಳಿತೆ. ಗದಗಿನಿಂದ ದಾವಲಸಾಬ ಬರುತ್ತಿದ್ದ ಬಸ್ಸು ನನಗೂ ಇತ್ತು. ಆ ವರ್ಷವಿಡೀ ಒಮ್ಮೆಯೂ ನಾನು ಅದನ್ನು ಹತ್ತಿರಲಿಲ್ಲ. ನಾಚಿಕೆಯಾಯಿತು.

ಊಟವಾದ ಮೇಲೆ ಕಾಕಾ ಹಣ ತೆಗೆಯುವ ಚೀಟಿಯೊಂದನ್ನು ತುಂಬಿ, ಸಹಿ ಮಾಡಿ, ಪಾಸ್‌ಬುಕ್ಕಿನ ಜೊತೆ ನನ್ನ ಕೈಗಿಟ್ಟರು.

"ಉಳದದ್ದೆಲ್ಲಾ ತಗದು ತಂದು ಕೊಡು. ಬ್ಯಾಂಕಿನಾಗ ಏನೂ ಇರಬಾರದು."

"ಯಾಕ್ರಿ?"

"ಅಲ್ಲಿ ಏನೂ ಸಿಗಲಿಲ್ಲಂದ್ರ ಬರೂ ವರ್ಷ ಮನಿಗೇ ಬರಬೇಕಾಗತೈತಲ್ಲ!"

ನಕ್ಕೆ. ಅವರು ನಗಲಿಲ್ಲ.

ರವಿವಾರ ಅದೇ ಬಸ್ಸಿಗೆ ಮತ್ತೆ ಹೋದೆ. ಹಣ ಒಯ್ದಿರಲಿಲ್ಲ. ಚೀಟಿಯನ್ನು ಅವರ ಮುಂದಿಟ್ಟು, ಮುಖ ಗಂಟು ಹಾಕಿಕೊಂಡು ಹೇಳಿದೆ:

"ಇದು ನಡಿಯೂದಿಲ್ರಿ ಕಾಕಾ. ಇದರಾಗ ನಿಮ್ಮ ಅಪ್ಪನ ಹೆಸರಿಲ್ಲ."

ಆ ಚೀಟಿಯಲ್ಲಿ ಅಪ್ಪನ ಹೆಸರಿಗೆ ಜಾಗವೇ ಇರುವುದಿಲ್ಲ! ವರ್ಷಗಳಿಂದ ಅಂಥ ಚೀಟಿ ತುಂಬಿದ ಕಾಕಾನಿಗೆ ಅದು ಗೊತ್ತಿಲ್ಲವೇ? ಚಷ್ಮಾ ಏರಿಸಿ ಬಹಳ ಹೊತ್ತು ಚೀಟಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಚಷ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡರು, ಕಣ್ಣನ್ನೂ.

"ಖರೇನಪಾ, ಭಾಳ ದೊಡ್ಡ ತಪ್ಪಾಗೇತಿ," ಎಂದರು. "ಇವತ್ತ ತಿದ್ದಲಿಕ್ಕಾಗೂದಿಲ್ಲ. ಬರೂ ರವಿವಾರ ಬಾ. ಬದನಿಕಾಯಿ ತಂದಿಟ್ಟಿರತೇನಿ."