ಹಾಸ್ಟೆಲಿಗೆ ಹೊರಟ ಲಿಂಗಪೂಜೆ

ರೊಟ್ಟಿ ತಟ್ಟುವುದನ್ನು ಮಕ್ಕಳಿಗೆ ಕಲಿಸಬಹುದು. ಭಕ್ತಿಯನ್ನು ಎಲ್ಲಿಂದ ಶುರು ಮಾಡಬೇಕೋ ನನಗಂತೂ ತಿಳಿಯದು. ನಮ್ಮವ್ವನಿಗೆ ಆ ಕಷ್ಟವಿರಲಿಲ್ಲ. ಲಿಂಗಪೂಜೆ ಆಗದೆ ತಟ್ಟೆಗೆ ಕೈ ಹಾಕಿದರೆ ಬೆನ್ನಿಗೆ ಸೌಟು ಬೀಳುತ್ತಿತ್ತು. ಹಸಿವಿಗೆ ಹುಟ್ಟಿದ ಭಕ್ತಿಯಾದರೂ ನಿಂತಿತಲ್ಲ, ಶಿವನ ದಯೆ. ಈಗ ನನ್ನ ಮಗಳಿಗೆ ಸೌಟು ತೋರಿಸಿದರೆ ಅದನ್ನೇ ಕಸಿದುಕೊಂಡು ಸಾರು ಬಡಿಸಿಕೊಳ್ಳುತ್ತಾಳೆ.

ಸೋಮವಾರ ಅವಳು ದಾವಣಗೆರೆಯ ಹಾಸ್ಟೆಲಿಗೆ ಹೊರಡಬೇಕಿತ್ತು. ಕೊರಳಲ್ಲಿರಬೇಕಾದ ಲಿಂಗದ ಕರಡಿಗೆ ಬೇಸಿಗೆಯಿಂದ ದೇವರ ಗೂಡಿನಲ್ಲೇ ಕೂತಿತ್ತು. ಒಯ್ಯುತ್ತಾಳೋ, ಬಿಟ್ಟೇ ಹೋಗುತ್ತಾಳೋ? ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಸ ಗುಡಿಸುವ ನೆಪದಲ್ಲಿ ಅವಳ ಚೀಲ ಇಣುಕಿದೆ. ಚಕ್ಕುಲಿ, ಚಾರ್ಜರ್, ಮತ್ತೆ ಚಕ್ಕುಲಿ.

"ಪೂಜೆ ಮಾಡಾಕೆ ಏನೇ ಕಷ್ಟ ನಿಂಗೆ?"

"ನೀನು ಹೇಳಿದ್ದಕ್ಕೆ ಮಾಡಿದ್ರೆ ಅದು ನಿನ್ನ ಪೂಜೆ ಆಗ್ತೈತವ್ವ."

ಮಾತು ಸರಿಯಾಗಿತ್ತು. ಅದಕ್ಕೇ ಸಿಟ್ಟು ಬಂತು.

ಪಕ್ಕದ ಮನೆಯ ಶಾಂತಾಬಾಯಿಯವರ ತವರು ಬಂಜಾರರ ಯಾತ್ರಾಸ್ಥಳ ಸೂರಗೊಂಡನಕೊಪ್ಪ. ಜೀನ್ಸ್ ಹಾಕಿ ಓಡಾಡುವ ಅವರ ಮಗ ವರ್ಷವರ್ಷವೂ ತಾನಾಗಿಯೇ ಮಾಲೆ ಹಾಕಿ ಅಲ್ಲಿಗೆ ನಡೆದು ಹೋಗುತ್ತಾನೆ. "ಹೆಂಗೆ ಕಲಿಸಿದ್ರಿ?" ಎಂದು ಕೇಳಿದೆ.

"ಕಲಿಸೋದೇನು ಬಂತಕ್ಕ? ಸಣ್ಣವನಿದ್ದಾಗ ಮನ್ಯಾಗೆ ಬಿಟ್ಟು ಹೋಗಾಕೆ ಯಾರೂ ಇರ್ಲಿಲ್ಲ, ಎತ್ಕೊಂಡು ಹೋಗ್ತಿದ್ದೆ. ಈಗ ಬ್ಯಾಡ ಅಂದ್ರೂ ಬಿಡಲ್ಲ. ನೀವು ಒಂದಿನ ಸುಮ್ನಿದ್ದು ನೋಡ್ರಿ."

ಶನಿವಾರ ಪೂರ್ತಿ ಸುಮ್ಮನಿದ್ದೆ. ಮಗಳು ನನಗೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಭಾನುವಾರ ಹಿತ್ತಲಿನಿಂದ ಒಳಗೆ ಬಂದರೆ, ಮಗಳು ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಹಿಡಿದು ಕೂತಿದ್ದಾಳೆ! ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವಳು ಒಂದೇ ಕಣ್ಣು ತೆರೆದು ಒಲೆಯ ಕಡೆಗೆ "ಹ್ಞೂಂ ಹ್ಞೂಂ" ಎಂದಳು. ಹಾಲು ಉಕ್ಕುತ್ತಿತ್ತು, ಓಡಿ ಒಲೆ ಆರಿಸಿದೆ. ಪೂಜೆಯಲ್ಲಿ ಮಾತಾಡಬಾರದಲ್ಲ, ಎಲ್ಲ ಮೂಗಿನಲ್ಲೇ. ಆಮೇಲೆ "ಉಹ್ಞೂಂ!" ಎಂದು ಗದರಿದಳು. ಅವರಪ್ಪ ಇಡ್ಲಿಗೆ ಕೈ ಹಾಕಿದ್ದರು.

"ಪೂಜೆಗೆ ಕೂತಾಗ ಮನಸ್ಸು ಲಿಂಗದ ಮೇಲಿರಬಾರದೇನೇ? ಯಾರು ಕಲಿಸಿದ್ರು ನಿಂಗಿದನ್ನ?"

ಯಜಮಾನರು ಕೈ ಹಿಂದೆ ತೆಗೆದುಕೊಂಡು, "ಮದುವೆ ಆದಾಗಿಂದ ದಿನಾ ಬೆಳಿಗ್ಗೆ ನನಗೆ ಹಿಂಗೇ ಗದರ್ತಿರೋರು ಯಾರು?" ಎಂದರು.

ಕರಡಿಗೆ ಹಾಸ್ಟೆಲಿಗೆ ಹೋಯಿತು. ಅವಳ ರೂಮಿನ ಹುಡುಗಿಯರನ್ನು ಶಿವನೇ ಕಾಯಬೇಕು. ನಾನೂ ಇನ್ನು ಮೇಲೆ ಪೂಜೆಯಲ್ಲಿ ಮೂಗು ಬಿಗಿಹಿಡಿದು ಕೂರಬೇಕೆಂದಿದ್ದೇನೆ. ಆದರೆ ಹಾಲು ಯಾರು ನೋಡುತ್ತಾರೆ, ಹೇಳಿ?