ಬೀಗರ ಭೂಮಿ, ನನ್ನ ಕುರ್ಚಿ

ಚಪ್ಪಲಿ ಅಂಗಡಿಗೆ ಚಪ್ಪಲಿ ಬೇಕಾದವರು ಮಾತ್ರ ಬರುತ್ತಾರೆ ಅಂತ ತಿಳಿದವರು ಯಾವತ್ತೂ ಅಂಗಡಿ ಇಟ್ಟವರಲ್ಲ. ಬಿಸಿಲಿಗೆ ಬರುವವರು, ಬಸ್ಸು ತಪ್ಪಿ ಬರುವವರು, ಮನೆಯಲ್ಲಿ ಜಗಳಾಡಿ ಬರುವವರು, ಎಲ್ಲರನ್ನೂ ದಾವಣಗೆರೆಯಲ್ಲಿ ಇಷ್ಟು ವರ್ಷ ಸಹಿಸಿಕೊಂಡಿದ್ದೇನೆ. ಸಹಿಸಲಾಗದೆ ಹೋದದ್ದು ಒಬ್ಬರನ್ನೇ. ಅವರು ನನ್ನ ಬೀಗರು, ಮಗಳ ಮಾವ. ಹರಿಹರದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ರಿಟೈರಾದವರು. ಆಮೇಲೆ ಮೊಬೈಲಿನಲ್ಲಿ ಯಾವುದೋ ಭಾಷಣ ಕೇಳಿ, ಇಷ್ಟೆಲ್ಲ ಗ್ರಹಗಳಲ್ಲಿ ಭೂಮಿಯೊಂದೇ ಬದುಕಲು ಹದವಾಗಿರುವುದರಿಂದ ದೇವರಿದ್ದಾನೆ ಎಂಬುದು ಸಾಬೀತಾಯಿತು ಅಂತ ತೀರ್ಮಾನಿಸಿದರು.

ನನ್ನದೇನೂ ತಕರಾರಿಲ್ಲ. ನಾನೂ ಊದುಬತ್ತಿ ಹಚ್ಚಿಯೇ ಗಲ್ಲಾ ಮುಟ್ಟುವವನು. ಆದರೆ ಇದನ್ನು ಸಾರಲು ಅವರು ಆರಿಸಿಕೊಂಡ ಜಾಗ ನನ್ನ ಅಂಗಡಿ. ಕೂರಲು ಆರಿಸಿಕೊಂಡದ್ದು ನನ್ನ ಕುರ್ಚಿ. ದಿನಾ ಬೆಳಿಗ್ಗೆ ಹರಿಹರದ ಬಸ್ಸಿಳಿದು ಬಂದು ಅದರಲ್ಲಿ ಕೂತರೆ ಸಂಜೆಗೇ ಏಳುವುದು. ಬೈದು ಎಬ್ಬಿಸೋಣ ಅಂದರೆ ಮಗಳ ಫೋನು.

"ಅಪ್ಪಾಜಿ, ಮಾವಾರಿಗೆ ಏನಾರ ಅಂದು ಕಳಿಸಬ್ಯಾಡ. ಸಂಜಿಗೆ ಅವರ ಮುಖ ನೋಡಬೇಕಾದೋಳು ನಾನು."

ಅವತ್ತಿನಿಂದ ಗಲ್ಲಾದ ಪಕ್ಕ ನಿಂತುಕೊಂಡೇ ವ್ಯಾಪಾರ ಮಾಡತೊಡಗಿದೆ.

ಬೋಣಿ

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಲಾಭ ಬಿಟ್ಟಾದರೂ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸುವುದು ನಮ್ಮ ಬಜಾರಿನಲ್ಲಿಲ್ಲ. ಆ ದಿನ ಮೊದಲು ಬಂದದ್ದು ಲೋಕಿಕೆರೆಯ ಒಬ್ಬ ಹೆಂಗಸು. ಚಪ್ಪಲಿ ಮೆಚ್ಚಿ, ಹಾಕಿಕೊಂಡು, ಸೆರಗಿನ ಗಂಟಿಗೆ ಕೈ ಹಚ್ಚಿದ್ದಳು. ಬೀಗರು ಶುರು ಮಾಡಿದರು. ಭೂಮಿ ಸೂರ್ಯನ ಕಡೆ ಇನ್ನೊಂದು ಚೂರು ಸರಿದಿದ್ದರೆ ಕೆರೆ ಬಾವಿ ಆವಿಯಾಗಿ, ದನ ಕರು ನಿಂತಲ್ಲೇ ಬೆಂದುಹೋಗುತ್ತಿದ್ದವಂತೆ. ಆಕೆಯ ಕೈ ಗಂಟಿನ ಮೇಲೆ ಹಾಗೇ ನಿಂತಿತು.

"ಅಯ್ಯ, ಎಮ್ಮೆನ ಬಿಸಿಲಾಗೇ ಕಟ್ಟಿ ಬಂದೀನಲ್ಲ," ಅಂದವಳೇ ಹೊಸ ಚಪ್ಪಲಿ ಬಿಚ್ಚಿ, ಹಳೆಯದನ್ನು ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಓಡಿದಳು.

ಆಕೆ ಬಿಚ್ಚಿಟ್ಟ ಜೋಡಿಯನ್ನು ನಾನು ಡಬ್ಬಿಗೆ ತುಂಬಿದೆ. ಬೀಗರು ಖುಷಿಯಾಗಿದ್ದರು. "ನೋಡಿದ್ರಾ ಬೀಗರೇ, ಹಳ್ಳಿ ಜನಕ್ಕೆ ಹೆಂಗೆ ಥಟ್ಟನೆ ಅರ್ಥ ಆಗುತ್ತೆ."

ಎಂಟನೆಯ ಜೋಡಿ

ಎಂ.ಸಿ.ಸಿ. ಬಡಾವಣೆಯ ವಕೀಲರೊಬ್ಬರು ಕೋರ್ಟಿಗೆ ಹಾಕಲು ಕರಿ ಶೂ ಕೇಳಿಕೊಂಡು ಬಂದರು. ಒಂದು ಹಿಮ್ಮಡಿಗೆ ಕಚ್ಚಿತು, ಇನ್ನೊಂದು ಬೆರಳಿಗೆ ಒತ್ತಿತು. ಹೀಗೆ ಏಳು ಜೋಡಿ ನೆಲದ ತುಂಬ ಹರವಿದ ಮೇಲೆ ಎಂಟನೆಯದು ಸರಿಯಾಗಿ ಕೂತಿತು. ಬೀಗರು ಕುರ್ಚಿಯಲ್ಲೇ ಮುಂದೆ ಬಾಗಿದರು.

"ಗ್ರಹಗಳೂ ಎಂಟೇ ನೋಡ್ರಿ. ಈ ಕಾಲಿಗೆ ಅಂತಲೇ ಇದನ್ನ ಹೊಲಿದಂಗೈತೆ. ಹಂಗೇ ನಮಗಂತಲೇ ಭೂಮಿ ಮಾಡ್ಯಾನೆ."

ನನಗೆ ತಡೆಯಲಾಗಲಿಲ್ಲ. "ಬೀಗರೇ, ಅದನ್ನ ಹೊಲಿದೋನು ಈ ಸಾಹೇಬರ ಕಾಲು ಕಂಡೇ ಇಲ್ಲ. ಹುಡುಕಿದ್ದಕ್ಕೆ ಒಂದು ಆತು. ಆಗದೇ ಇರೋ ಏಳು ಯಾರ ಕಾಲಿಗೆ ಮಾಡ್ಯಾನೆ, ಅದನ್ನ ಹೇಳ್ರಿ."

"ಅದು ಅವನ ಲೀಲೆ."

"ಲೀಲೆ ಅವನದು, ಡಬ್ಬಿಗೆ ತುಂಬೋದು ನಂದು."

ವಕೀಲರು ಅಷ್ಟು ಹೊತ್ತು ಇಬ್ಬರ ವಾದವನ್ನೂ ಕಿವಿಗೊಟ್ಟು ಕೇಳಿದರು. ಆಮೇಲೆ ಬೀಗರ ಕಡೆ ತಿರುಗಿ, ನಿಮ್ಮ ಮಾತೇ ಸರಿ ಅಂದರು. ನನಗೆ ಅಂದದ್ದು ಬೇರೆ: "ಇದು ನನ್ನ ಕಾಲಿಗಂತಲೇ ಆಗಿದ್ದು ಅಂದಮೇಲೆ ಬೇರೆ ಯಾರಿಗೂ ಹೋಗಂಗಿಲ್ಲ. ರೇಟು ಇಳಿಸ್ರಿ."

ಮಂಗಳಾರತಿ

ಮಗಳನ್ನು ನೋಡಲು ಹರಿಹರಕ್ಕೆ ಹೋದ ದಿನ ಬೀಗರೇ ಹರಿಹರೇಶ್ವರನ ಗುಡಿಗೆ ಕರೆದೊಯ್ದರು. ಇಲ್ಲಾದರೂ ಸುಮ್ಮನಿರುತ್ತಾರೆ ಅಂದುಕೊಂಡು ಕೈ ಮುಗಿದು ಕಣ್ಣು ಮುಚ್ಚಿದೆ. ಕಿವಿಯ ಹತ್ತಿರ ಗುರುಗ್ರಹ ಶುರುವಾಯಿತು. ಅಷ್ಟು ದೊಡ್ಡ ಗ್ರಹ ಅಲ್ಲಿ ಕಾವಲಿಗೆ ನಿಂತದ್ದಕ್ಕೇ ಆಕಾಶದ ಬಂಡೆಗಳು ನಮ್ಮ ತಲೆ ಮೇಲೆ ಬೀಳುತ್ತಿಲ್ಲವಂತೆ.

"ಬೀಗರೇ, ಎದುರಿಗೇ ನಿಂತಾನೆ, ಅವನನ್ನ ನೋಡ್ರಿ," ಅಂದೆ.

ಕೇಳಲಿಲ್ಲ. ನನ್ನನ್ನು ಕಂಬದ ಮಗ್ಗುಲಿಗೆ ಎಳೆದುಕೊಂಡು ಹೋಗಿ ಚಂದ್ರ, ಗಾಳಿ, ನೀರು, ಒಂದನ್ನೂ ಬಿಡದೆ ವಿವರಿಸಿದರು. ದೇವರಿದ್ದಾನೆ ಅಂತ ಅವರು ಸಾಬೀತು ಮಾಡಿ ಮುಗಿಸುವಷ್ಟರಲ್ಲಿ ಅರ್ಚಕರು ಮಂಗಳಾರತಿ ಮುಗಿಸಿ ಗರ್ಭಗುಡಿಯ ಬಾಗಿಲು ಹಾಕಿದ್ದರು.

ಕುರ್ಚಿ

ಕೊನೆಗೆ ಏಪ್ರಿಲ್ ಬಂತು. ದಾವಣಗೆರೆಯ ಏಪ್ರಿಲ್ ಅಂದರೆ ಅಂಗಡಿಯೊಳಗೆ ಬದುಕಲು ಹದವಾದ ಜಾಗ ಒಂದೇ, ಫ್ಯಾನಿನ ಕೆಳಗಿನ ನನ್ನ ಕುರ್ಚಿ. ಇವತ್ತು ಎಬ್ಬಿಸಿಯೇ ಸೈ, ಆದರೆ ಮಗಳ ಮೇಲೆ ಮಾತು ಬರದಂತೆ ಎಬ್ಬಿಸಬೇಕು ಅಂತ ಎದುರು ನಿಂತೆ. ನಾನು ಬಾಯಿ ತೆಗೆಯುವ ಮೊದಲೇ ಅವರು ತೆಗೆದರು.

"ಈ ಕುರ್ಚಿನೇ ನೋಡ್ರಿ ಬೀಗರೇ. ಆಕಡೆ ಸರಿದರೆ ಬೆವರು, ಈಕಡೆ ಸರಿದರೆ ಗಾಳಿ ಹೊಡೆದು ತಲೆನೋವು. ಇಷ್ಟು ಸರಿಯಾದ ದೂರದಾಗೆ ಇದು ತಾನಾಗೇ ಬಂತೇನು?"

"ತಾನಾಗೇ ಹೆಂಗೆ ಬರುತ್ತೆ? ಎಲೆಕ್ಟ್ರಿಷಿಯನ್ ಹತ್ರ ಜಗಳಾಡಿ ಫ್ಯಾನು ಹಾಕಿಸಿ, ಜಾಗ ನೋಡಿ ಕುರ್ಚಿ ಇಟ್ಟೋನು ನಾನು."

ಅವರ ಮುಖ ಅರಳಿತು. "ಅಂದ್ರೆ ಇಟ್ಟೋನು ಒಬ್ಬ ಇದ್ದಾನೆ ಅಂತ ಒಪ್ಪಿದ್ರಿ."

ಸಿಕ್ಕಿತು ದಾರಿ ಅಂದುಕೊಂಡೆ. "ಒಪ್ಪಿದೆ. ಈಗ ಇಟ್ಟೋನಿಗೆ ಕೂಡಾಕ ಬಿಡ್ರಿ."

ಅವರು ಅಲುಗಾಡಲಿಲ್ಲ. ತುಂಬ ಪ್ರೀತಿಯಿಂದ ನನ್ನನ್ನು ನೋಡಿದರು. "ಮಾಡಿದೋನು ತನಗೋಸ್ಕರ ಮಾಡಲ್ಲ ಬೀಗರೇ. ನಮ್ಮನ್ನ ಕೂಡ್ರಿಸಿ, ತಾನು ದೂರ ನಿಂತು ನೋಡ್ತಾನೆ."

ಸಂಜೆ ಮಗಳ ಫೋನು. ಮಾವನವರು ಭಾಳ ಖುಷಿಯಾಗಿ ಬಂದಿದ್ದಾರೆ, ಅಪ್ಪಾಜಿ ಕೊನೆಗೂ ಒಪ್ಪಿದರಂತೆ ಅಂದಳು. ಅವಳ ದನಿ ಹಗುರಾಗಿತ್ತು.

ಈಗ ನಾನು ಬಾಗಿಲ ಹತ್ತಿರ ಬಿಸಿಲಿನಲ್ಲಿ ಸ್ಟೂಲು ಹಾಕಿಕೊಂಡಿದ್ದೇನೆ. ಮೊನ್ನೆ ಒಬ್ಬ ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ರೇಗುತ್ತ ಬಂದ. ನನ್ನನ್ನು ಕೆಲಸದವನು ಅಂದುಕೊಂಡಿರಬೇಕು. "ಈ ಅಂಗಡಿಗೆ ಓನರ್ ಅಂತ ಒಬ್ಬ ಇದ್ದಾನೋ ಇಲ್ಲೋ?" ಅಂತ ಜಬರಿಸಿದ.

"ಒಳಗೆ ಫ್ಯಾನಿನ ಕೆಳಗೆ ಕೂತಾರಲ್ಲ, ಅವರನ್ನ ಕೇಳ್ರಿ," ಅಂದೆ. "ಇದ್ದಾನೆ ಅನ್ನೋದಕ್ಕೆ ಅವರ ಹತ್ರ ಪುರಾವೆ ಐತೆ."