ಪ್ರೊಪೆಲರ್‌ಗೊಂದು ಕ್ಷೌರ

ಹಾಯಿದೋಣಿಯನ್ನು ಬಂದರಿನ ಜೆಟ್ಟಿಗೆ ಕಟ್ಟಿಹಾಕಿದ್ದಷ್ಟು ಹೊತ್ತು ಗುಡುಗುಡು ಎಂದು ಚೆನ್ನಾಗಿಯೇ ಓಡುತ್ತಿದ್ದ ಡೀಸೆಲ್ ಎಂಜಿನ್ನು, ಗೇರ್ ಹಾಕಿದ ಕೂಡಲೇ ಕಪ್ಪು ಹೊಗೆ ಕಾರಿ, ಕೆಲಸ ಹೇಳಿದೊಡನೆ ಸೊಂಟ ಹಿಡಿದುಕೊಳ್ಳುವ ಭಾವಮೈದುನನಂತೆ ಕುಸಿದುಬಿಡುತ್ತಿತ್ತು.

ಆ ಹಾಯಿದೋಣಿಯ ಒಡೆಯ ಬಂದರು ಬೀದಿಯ ಸಲೂನಿನವನು. ಜೆಟ್ಟಿಯವರಿಗೆಲ್ಲ ಅವನು ‘ಕತ್ತರಿ’. ಮನೆಯಲ್ಲಿ ಎರಡು ಕೋಣೆ, ಏಳು ಜನ, ಅದರಲ್ಲಿ ನಾಲ್ವರಿಗೆ ದೊಡ್ಡ ಗಂಟಲು. ಹಾಗಾಗಿ ಮೂರು ತಿಂಗಳ ಹಿಂದೆ ಈ ಹಳೆಯ ದೋಣಿ ಕೊಂಡಿದ್ದ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಜೆಟ್ಟಿಯಿಂದ ಒಂದೇ ಹೆಜ್ಜೆಗೆ ಒಳಗೆ ಇಳಿದು ಒಂದು ಗಂಟೆ ಗೊರಕೆ ಹೊಡೆಯುತ್ತಿದ್ದ. ಅವನ ಬಾಳಿನಲ್ಲಿ ಸುಖ ಅಂತ ಇದ್ದದ್ದು ಅದೊಂದೇ.

ಈಗ ಅದಕ್ಕೂ ಕುತ್ತು ಬಂದಿತ್ತು. ಸಂಜೆ ನಾಲ್ಕಕ್ಕೆ ಬಂದರು ಅಧಿಕಾರಿಯಿಂದ ಎಂಜಿನ್ ಪರೀಕ್ಷೆ. ಯಾರು ಜೆಟ್ಟಿಯಲ್ಲಿರಬೇಕು, ಯಾರು ಆಚೆ ತೆರೆದ ಕಡಲಿನಲ್ಲಿ ಲಂಗರು ಹಾಕುವ ಸಾಲಿಗೆ ಹೋಗಬೇಕು ಎಂಬುದು ಅದರ ಮೇಲೆ ತೀರ್ಮಾನ. ಕತ್ತರಿಗೆ ಅಲೆ ಕಂಡರೇ ಹೊಟ್ಟೆ ತೊಳಸುತ್ತಿತ್ತು. ಕೆಟ್ಟ ಎಂಜಿನ್ನಿನವರನ್ನು ಆಚೆ ಅಟ್ಟುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಷ್ಟು ತಿಳಿಯದಿರಲು ತಾನೇನು ದಡ್ಡನೇ ಎಂದುಕೊಂಡಿದ್ದ.

“ಏನ್ ಕತ್ತರಿ, ಎಳೀತಿಲ್ವಾ?” ಎಡಗಡೆ ದೋಣಿಯ ಹಲ್ಲಿನ ಡಾಕ್ಟರು ಇಣುಕಿದರು.

“ಗೇರ್ ಹಾಕಿದ್ರೆ ಪ್ರಾಣ ಬಿಡುತ್ತೆ ಸಾರ್. ಈ ಜಾಗ ಹೋದ್ರೆ ನಾನ್ ಸತ್ತೆ.”

“ನಾವಿಲ್ವೇನಯ್ಯಾ? ನಿನ್ನ ಜಾಗ ಉಳಿಸೋ ಜವಾಬ್ದಾರಿ ನಮ್ದು,” ಎಂದು ಬಲಗಡೆ ದೋಣಿಯ ಬ್ಯಾಂಡ್ ಮೇಷ್ಟ್ರು, ಜೆಟ್ಟಿಯ ಮೇಲೆ ಕೂತಿದ್ದ ಬಂದರಿನ ಕಾವಲುಗಾರನತ್ತ ಒಮ್ಮೆ ನೋಡಿ, ಕಣ್ಣು ಮಿಟುಕಿಸಿದರು. ಕಣ್ಣಿಗೆ ಹೊಗೆ ಹೋಗಿರಬೇಕೆಂದು ಕತ್ತರಿ ಒದ್ದೆ ಬಟ್ಟೆ ಕೊಟ್ಟ.

ಡಾಕ್ಟರು ಡೀಸೆಲ್ ಫಿಲ್ಟರ್ ಬಿಚ್ಚಿ, ಬೆರಳು ತೂರಿಸಿ, ಏನೋ ಮಾಡಿ ಮುಚ್ಚಿದರು. ಮೇಷ್ಟ್ರು ಕೆನ್ನೆ ಉಬ್ಬಿಸಿ ಪೈಪಿಗೆ ಊದಿದ ರಭಸಕ್ಕೆ ಕತ್ತರಿಯ ಹಾಸಿಗೆಯೆಲ್ಲ ಡೀಸೆಲ್ ಆಯಿತು. ಆಮೇಲೆ ಅವರು ತಮ್ಮ ಕಾಲುಚೀಲ ಬಿಚ್ಚಿ ಎಂಜಿನ್ನಿನ ಗಾಳಿಕೊಳವೆಗೆ ತುರುಕಿದರು.

“ಅಯ್ಯೋ, ಅದ್ಯಾಕೆ ಮೇಷ್ಟ್ರೇ?”

“ಕಡಲ ಗಾಳಿ ಕಣಯ್ಯಾ, ಎಂಜಿನ್‌ಗೆ ಶೀತ ಆಗುತ್ತೆ.”

ಕೀ ತಿರುಗಿಸಿದರೆ ಈಗ ಗುಡುಗುಡು ಕೂಡ ಇಲ್ಲ. “ಸರಿಹೋಯ್ತು!” ಎಂದು ಇಬ್ಬರೂ ಕೈ ಕುಲುಕಿಕೊಂಡರು.

ಕತ್ತರಿಯ ನೆತ್ತಿ ಕಾಯಿತು. “ದಮ್ಮಯ್ಯ ಅಂತೀನಿ, ಇಬ್ರೂ ಹೋಗಿ ಚಹಾ ಕುಡೀರಿ!” ಎಂದು ಅಟ್ಟಿದ. ಫಿಲ್ಟರಿನೊಳಗೆ ಹಿಡಿ ಹತ್ತಿ ಸಿಕ್ಕಿತು. ಹಲ್ಲು ಕಿತ್ತ ಕೈ, ಮರೆತು ತುರುಕಿರಬೇಕು ಎಂದು ಕಿತ್ತೆಸೆದ. ಕಾಲುಚೀಲವನ್ನು ಮೂಗು ಹಿಡಿದುಕೊಂಡೇ ಎಳೆದ. ಎಂಜಿನ್ನಿಗೆ ಜೀವ ಬಂತು. ಗೇರ್ ಹಾಕಿದ, ಮತ್ತೆ ಅದೇ ಕಪ್ಪು ಹೊಗೆ.

ತಲೆ ಮೇಲೆ ಕೈಹೊತ್ತು ಕೂತವನಿಗೆ ಆಗ ಹೊಳೆಯಿತು: ಎಂಜಿನ್ನಿಗೆ ರೋಗವಿಲ್ಲ, ಅದು ತಿರುಗಿಸಬೇಕಾದ್ದೇ ತಿರುಗುತ್ತಿಲ್ಲ. ಎಂಜಿನ್ ನಿಲ್ಲಿಸಿ, ಅಂಗಿ ಕಳಚಿ ನೀರಿಗಿಳಿದ. ಹಿಂಬದಿಯ ಪ್ರೊಪೆಲರ್ ತುಂಬ ಪಾಚಿ, ಕಪ್ಪೆಚಿಪ್ಪು, ವರ್ಷಗಟ್ಟಲೆಯ ಗಡ್ಡ!

ಇದಪ್ಪಾ ತನ್ನ ಕಸುಬು ಎಂದು ಕತ್ತರಿ ಹಿಗ್ಗಿಹೋದ. ಅಂಗಡಿಯಿಂದ ಕತ್ತಿಗಳನ್ನು ತಂದು, ಉಸಿರು ಕಟ್ಟಿ ಮುಳುಗಿ ಮುಳುಗಿ ಹೆರೆದ. ಮೂರು ಕತ್ತಿ ಮುರಿದವು. “ಮುಖ ಅಲ್ಲಾಡಿಸ್ಬೇಡಿ” ಎಂದು ಅಭ್ಯಾಸಬಲದಿಂದ ಹೇಳಹೋಗಿ ಬಾಯಿತುಂಬ ಉಪ್ಪುನೀರು ಕುಡಿದ. ಕೊನೆಗೆ ಪ್ರೊಪೆಲರ್ ಮದುಮಗನ ಕೆನ್ನೆಯಷ್ಟು ನುಣ್ಣಗಾಯಿತು.

ನಾಲ್ಕಕ್ಕೆ ಅಧಿಕಾರಿ ಹತ್ತಿದರು. ದೋಣಿ ಬಂದರಿನೊಳಗೆ ಗುರುತಿಗೆ ಕಟ್ಟಿದ ತೇಲುಬುರುಡೆಯವರೆಗೆ ಚಿಮ್ಮಿಕೊಂಡು ಹೋಗಿ ಚಿಮ್ಮಿಕೊಂಡೇ ಬಂತು. ಚಹಾ ಮುಗಿಸಿ ಬಂದ ಡಾಕ್ಟರೂ ಮೇಷ್ಟ್ರೂ ಬಾಯಿ ತೆರೆದು ನಿಂತಿದ್ದರು. ಅವರ ಸರದಿ ಬಂದಾಗ ಡಾಕ್ಟರ ಎಂಜಿನ್ನು ಮಿಸುಕಲೇ ಇಲ್ಲ. ಮೇಷ್ಟ್ರದ್ದು ಒಮ್ಮೆ ಬಿಕ್ಕಳಿಸಿ ತೆಪ್ಪಗಾಯಿತು. ಪಾಪ, ನೆರೆಯವರು ದೂರವಾಗುತ್ತಾರಲ್ಲ ಎಂದು ಕತ್ತರಿಗೆ ಕರುಳು ಚುರ್ ಎಂದಿತು.

ಅಧಿಕಾರಿ ಬರೆದುಕೊಂಡರು. “ಇವರಿಬ್ರೂ ಇಲ್ಲೇ ಇರ್ಲಿ. ಎಂಜಿನ್ ಕೆಟ್ಟವರನ್ನ ತೆರೆದ ಕಡಲಿಗೆ ಕಳಿಸೋಕಾಗುತ್ತಾ, ಗಾಳಿ ಎದ್ರೆ ಬಂಡೆಗೆ ಬಡ್ಕೋತಾರೆ. ನಿಮ್ದು ಫಸ್ಟ್ ಕ್ಲಾಸ್! ಈಗ್ಲೇ ಆಚೆ ಸಾಲಿಗೆ ಹೊರಡಿ.”

ಡಾಕ್ಟರು ಕತ್ತರಿಯ ಕಿವಿಯ ಹತ್ತಿರ ಬಂದು ಹಲ್ಲು ಕಡಿದರು. “ಹನ್ನೆರಡು ವರ್ಷದಿಂದ ಎಷ್ಟು ಜತನವಾಗಿ ಎಂಜಿನ್ ಕೆಡಿಸಿಟ್ಕೊಂಡಿದೀವಿ! ನಿಂದೂ ಕೆಡಿಸಿಕೊಡೋಕೆ ಬೆಳಗ್ಗಿಂದ ಒದ್ದಾಡಿದ್ವಲ್ಲೋ! ಕಾವಲುಗಾರನ ಎದುರು ಬಾಯ್ಬಿಟ್ಟು ಹೇಳೋಕಾಗುತ್ತಾ?”

“ಸಾರ್,” ಕತ್ತರಿ ಅಧಿಕಾರಿಯ ತೋಳು ಹಿಡಿದುಕೊಂಡ, “ಇನ್ನೊಂದೇ ಒಂದ್ ಸಲ ಟೆಸ್ಟ್ ಮಾಡಿ, ಖಂಡಿತ ಫೇಲ್ ಆಗ್ತೀನಿ!”

“ಇಷ್ಟೊಳ್ಳೆ ಎಂಜಿನ್ ಇಟ್ಕೊಂಡು ಅಳ್ತಾರೇನ್ರೀ? ಮುಂದಿನ ಟೆಸ್ಟು ಮುಂದಿನ ವರ್ಷ,” ಎಂದ ಅಧಿಕಾರಿ ಜೆಟ್ಟಿಗೆ ದಾಟಿ, ಹಗ್ಗವನ್ನು ತಮ್ಮ ಕೈಯಾರೆ ಬಿಚ್ಚಿ ದೋಣಿಯೊಳಗೆ ಎಸೆದರು.